ನರ್ಸರಿಯ ‘ಕ್ರಿಸ್ಮಸ್ ಟ್ರೀ’ ಮತ್ತು ಬೆಟ್ಟದ ಫರ್ ಮರ: ಎರಡೂ ಒಂದೇನಾ?

ಡಿಸೆಂಬರ್ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮಾತು ಓಡಾಡತೊಡಗುತ್ತದೆ: ಕ್ರಿಸ್ಮಸ್‌ಗಾಗಿ ಕಾಡು ಕಡಿದು ಫರ್ ಮರಗಳನ್ನು ಮುಗಿಸುತ್ತಿದ್ದಾರೆ ಎಂದು. ಸಿದ್ದಾಪುರದ ಬಿಳಗಿಯಲ್ಲಿ ಕೂತು ಇದನ್ನು ಓದುವವರ ಅಂಗಳದಲ್ಲೇ ‘ಕ್ರಿಸ್ಮಸ್ ಟ್ರೀ’ ಎಂದು ಕೊಂಡು ತಂದ ಗಿಡ ಇರಬಹುದು.

ಮೊದಲು ಆ ಗಿಡದ ವಿಷಯ. ಅದು ಫರ್ ಅಲ್ಲ, ಅರಕೇರಿಯಾ. ಶಾಂತ ಸಾಗರದ ನಾರ್ಫೋಕ್, ನ್ಯೂ ಕ್ಯಾಲಿಡೋನಿಯಾ ದ್ವೀಪಗಳ ಮೂಲದ್ದು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ನೇರವಾಗಿ ನಿಂತಿರುವ ದೊಡ್ಡ ಮರಗಳನ್ನು ನೋಡಿದ್ದರೆ ಗುರುತು ಸಿಗುತ್ತದೆ. ಫರ್‌ಗೆ ಚಳಿಗಾಲದ ನಿಜವಾದ ಚಳಿ ಬೇಕು. ಭಾರತದಲ್ಲಿ ಅದು ಹಿಮಾಲಯದ ಎತ್ತರದಲ್ಲಿದೆ, ನಮ್ಮ ಮಲೆನಾಡಿನಲ್ಲಿ ಇಲ್ಲ.

ಇನ್ನು ಆ ಫಾರ್ವರ್ಡ್. ಅಮೆರಿಕದಲ್ಲಿ ಕ್ರಿಸ್ಮಸ್‌ಗೆ ಹೆಸರಾದ ಮರ ಫ್ರೇಸರ್ ಫರ್. ಮಾರಾಟವಾಗುವುದು ಬಹುತೇಕ ತೋಟದ ಮರವೇ. ಆಳೆತ್ತರ ದಾಟಲು ಸುಮಾರು 12 ವರ್ಷ ಬೇಕು, ನಾವು ಅಡಿಕೆ ಹಾಕಿ ಕಾಯುವುದಕ್ಕಿಂತಲೂ ಹೆಚ್ಚು. ಹಾಗಾಗಿ ‘ಕಾಡು ಕಡಿಯುತ್ತಾರೆ’ ಎನ್ನುವುದು ತಪ್ಪು.

ಆದರೆ ಕಾಡಿನ ಫ್ರೇಸರ್ ಫರ್ ಅಳಿವಿನಂಚಿನಲ್ಲಿದೆ ಎನ್ನುವುದು ನಿಜ, ಐಯುಸಿಎನ್ ಪಟ್ಟಿಯಲ್ಲೇ ಇದೆ. ಕಾರಣ ಕೊಡಲಿಯಲ್ಲ, ಯುರೋಪಿನಿಂದ ಬಂದ ಒಂದು ಪುಟ್ಟ ಕೀಟ. ಈ ಮರ ಸಹಜವಾಗಿ ಬೆಳೆಯುವುದು ಅಪಲಾಚಿಯನ್ ಬೆಟ್ಟಸಾಲಿನ ದಕ್ಷಿಣ ಭಾಗದ ಕೆಲವು ಶಿಖರಗಳಲ್ಲಿ ಮಾತ್ರ. ಅಲ್ಲಿನ ಅತಿ ಎತ್ತರದ ಮೌಂಟ್ ಮಿಚೆಲ್‌ನಲ್ಲಿ 1957ರಲ್ಲಿ ಕೀಟ ಪತ್ತೆಯಾಯಿತು. ಅದು ಬಲಿತ ಮರದ ತೊಗಟೆಯ ಸಂದಿಯಲ್ಲಿ ಕೂತು ರಸ ಹೀರುತ್ತದೆ, ಮರ ನಿಂತಲ್ಲೇ ಒಣಗುತ್ತದೆ. ತೋಟದಲ್ಲಿ ಔಷಧ ಹೊಡೆಯಬಹುದು. ಇಡೀ ಬೆಟ್ಟಕ್ಕೆ ಹೊಡೆಯುವವರು ಯಾರು?

ತೋಟದಲ್ಲಿ ಲಕ್ಷಗಟ್ಟಲೆ, ಕಾಡಿನಲ್ಲಿ ಬೆರಳೆಣಿಕೆಯ ಶಿಖರಗಳಲ್ಲಿ: ನಂಬಲು ಕಷ್ಟವಾದರೆ ನಮ್ಮ ಅಪ್ಪೆಮಿಡಿಯನ್ನು ನೆನಪಿಸಿಕೊಳ್ಳಿ. ಕಸಿ ಗಿಡ ಈಗ ಎಷ್ಟೋ ತೋಟಗಳಲ್ಲಿದೆ. ಆದರೆ ಹೊಳೆದಂಡೆಯ ಹಳೆಯ ಮರಗಳು, ಮಿಡಿಗಾಗಿ ಟೊಂಗೆಯನ್ನೇ ಕಡಿಯುವ ಅವಸರದಿಂದಲೂ, ಕಡಿಮೆಯಾಗುತ್ತಿವೆ. ಕಸಿ ಎಂದರೆ ಒಂದೇ ಮರದ ನಕಲು. ಮರಕ್ಕೊಂದು ಪರಿಮಳ ಇರುವುದು ಹೊಳೆದಂಡೆಯಲ್ಲಿ.

ಅಂದಹಾಗೆ, ಕುಂಡದ ಅರಕೇರಿಯಾವನ್ನು ನೆಲಕ್ಕೆ ಇಳಿಸುವ ಯೋಚನೆ ಇದ್ದರೆ ಮನೆಯಿಂದ, ಕರೆಂಟ್ ತಂತಿಯಿಂದ ದೂರ ಇಡಿ. ತವರಿನಲ್ಲಿ ಅದು 50 ಮೀಟರ್‌ವರೆಗೂ ಏರುವ ಮರ.