ಧಾರೇಶ್ವರದ ಮಗುವಿಗೆ ಸರಕಾರದ ಉತ್ತರವೇನು?

ಧಾರೇಶ್ವರದಲ್ಲಿ ಒಂದು ದುಡಿಯುವವರ ಮನೆಯನ್ನು ಎಣಿಸಿಕೊಳ್ಳಿರಿ. ತಂದೆ ಗಿರಣಿ ಕೆಲಸಗಾರ. ತಾಯಿ ಹೆದ್ದಾರಿಯ ಬದಿಯಲ್ಲಿ ಗೂಡಂಗಡಿ ಇಟ್ಟವಳು. ಹುಟ್ಟಿ ಮೂರು ತಿಂಗಳಾದ ಕೂಸು ಒಂದು ಸಂಜೆ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ನಡುಗುತ್ತದೆ. ಮರುದಿನ ಮತ್ತೆ. ತಿಂಗಳು ಕಳೆಯುವಷ್ಟರಲ್ಲಿ ದಿನಕ್ಕೆ ಹತ್ತು ಸಲ. ಕತ್ತು ನಿಲ್ಲಬೇಕಾದ ವಯಸ್ಸಿನಲ್ಲಿ ಕತ್ತು ನಿಲ್ಲುವುದಿಲ್ಲ. ತಾಯಿಯ ಮುಖ ನೋಡಿ ನಗಬೇಕಾದ ಕೂಸು ನಗುವುದಿಲ್ಲ. ಅಷ್ಟರಲ್ಲಿ ಕೇರಿಯ ನಾಲಿಗೆಗಳು ಸಡಿಲವಾಗುತ್ತವೆ. ನಾಗದೋಷ ಎಂದು ಒಬ್ಬರು, ಬಸುರಿಯಾಗಿದ್ದಾಗ ಗ್ರಹಣ ನೋಡಿದಳು ಎಂದು ಇನ್ನೊಬ್ಬರು, ಸೊಸೆಯ ತವರಿನ ರಕ್ತವೇ ಸರಿಯಿಲ್ಲ ಎಂದು ಅತ್ತೆ. ತಾಯಿತಕ್ಕೆ ಒಂದಿಷ್ಟು, ಹರಕೆಗೆ ಒಂದಿಷ್ಟು, ದೂರದ ಆಸ್ಪತ್ರೆಯ ದಾರಿಖರ್ಚಿಗೆ ಒಂದಿಷ್ಟು ಎಂದು ಮನೆಯ ಬಂಗಾರವೆಲ್ಲ ಅಡವಿಗೆ ಹೋಗುತ್ತದೆ.

ಇಂಥ ಮನೆಯ ಪರವಾಗಿ ನಾವು ಇಂದು ಊರವರಿಗೆ ಒಂದು ಮಾತು, ಸರಕಾರಕ್ಕೆ ಒಂದು ಮಾತು ಹೇಳಬೇಕಾಗಿದೆ.

ಮೊದಲು ಊರವರಿಗೆ. ಅಘನಾಶಿನಿಯ ಗಜನಿ ಗದ್ದೆಗಳನ್ನು ಕಂಡವರಿಗೆ ಈ ರೋಗದ ಗುಟ್ಟು ತಿಳಿಯುವುದು ಕಷ್ಟವಲ್ಲ. ಒಡ್ಡಿನ ಹೊರಗೆ ಭರತದ ಉಪ್ಪುನೀರು ಒತ್ತಿ ನಿಂತಿರುತ್ತದೆ, ಒಳಗೆ ಕಗ್ಗ ಭತ್ತದ ಪೈರು. ನಡುವಿನ ಹಲಗೆಯ ಬಾಗಿಲು ಹೊತ್ತಿಗೆ ತೆರೆದು ಹೊತ್ತಿಗೆ ಮುಚ್ಚಿದರೆ ಬೆಳೆ, ತಪ್ಪಿದರೆ ಹಾಳು. ನಮ್ಮ ಮಿದುಳಿನ ಒಂದೊಂದು ನರಕೋಶಕ್ಕೂ ಇಂಥ ಬಾಗಿಲುಗಳಿವೆ. ಕೋಶದ ಹೊರಗೆ ಕ್ಯಾಲ್ಸಿಯಂ ಅಂಶ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ನರದಲ್ಲಿ ವಿದ್ಯುತ್ತಿನ ಅಲೆ ಬಂದಾಗ ಬಾಗಿಲು ಕ್ಷಣಕ್ಕಿಂತ ಕಡಿಮೆ ಹೊತ್ತು ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಆ ಕೋಶ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ. ನಾವು ನೋಡುವುದು, ನಡೆಯುವುದು, ನಗುವುದು ಎಲ್ಲವೂ ಈ ಬಾಗಿಲುಗಳ ಶಿಸ್ತಿನಿಂದಲೇ. ಬಾಗಿಲು ಬೇಗನೆ ತೆರೆದುಕೊಂಡರೆ, ಅಥವಾ ಮುಚ್ಚಬೇಕಾದಾಗ ಮುಚ್ಚದಿದ್ದರೆ, ಮಿದುಳಿನಲ್ಲಿ ಸುದ್ದಿಯ ಬದಲು ದಂಗೆ ಏಳುತ್ತದೆ. ಹೊರಗೆ ನಮಗೆ ಕಾಣುವ ಫಿಟ್ಸ್ ಆ ದಂಗೆಯೇ.

ಈ ಬಾಗಿಲನ್ನು ಹೇಗೆ ಕಟ್ಟಬೇಕೆಂಬ ಬರಹ ಜೀನ್ ಎಂಬ ವಂಶವಾಹಿಯಲ್ಲಿದೆ. ಆ ಬರಹದಲ್ಲಿ ಒಂದಕ್ಷರ ತಪ್ಪಿದರೂ ಬಾಗಿಲು ಸೊಟ್ಟಗಾಗಬಹುದು. ಸಿಎಸಿಎನ್‌ಎ1ಇ ಎಂಬ ಜೀನಿನ ತಪ್ಪಿನಿಂದ ಎಳೆಯ ಮಕ್ಕಳಿಗೆ ಔಷಧಕ್ಕೆ ಬಗ್ಗದ ಫಿಟ್ಸ್ ಬರುತ್ತದೆ, ಮೈ ಮೆತ್ತಗಾಗುತ್ತದೆ, ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ ಎಂದು 2018ರಲ್ಲಿ ಹಲವು ದೇಶಗಳ ವೈದ್ಯರು ಕೂಡಿ 30 ರೋಗಿಗಳನ್ನು ಪರೀಕ್ಷಿಸಿ ತೋರಿಸಿದರು. ಸಿಎಸಿಎನ್‌ಎ1ಎ ಎಂಬ ಇನ್ನೊಂದು ಜೀನಿನ ತಪ್ಪಿನಿಂದಲೂ ಇಂಥದೇ ಕಾಯಿಲೆ ಬರುವುದುಂಟು. ಇವುಗಳಲ್ಲಿ ಬಹುಪಾಲು ತಪ್ಪುಗಳು ತಂದೆಯ ಮೈಯಲ್ಲೂ ಇರಲಿಲ್ಲ, ತಾಯಿಯ ಮೈಯಲ್ಲೂ ಇರಲಿಲ್ಲ. ಮಗುವಿನಲ್ಲೇ ಹೊಸದಾಗಿ ಆದವು. ಪತ್ರಿಕೆಯ ಅಚ್ಚಿನಲ್ಲಿ ಒಂದಕ್ಷರ ತಪ್ಪಿದ ಹಾಗೆ. ಅದಕ್ಕೆ ಯಾರನ್ನು ಶಿಕ್ಷಿಸುತ್ತೀರಿ? ಕೆಲವು ಬಗೆಯ ಕಾಯಿಲೆಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ತಪ್ಪು ಪ್ರತಿ ಕೂಡಬೇಕು. ರಕ್ತಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಅಲ್ಲಿಯೂ ಪಾಲು ಇಬ್ಬರದೂ ಸಮ. ಹಾಗಿರುವಾಗ ಸೊಸೆಯೊಬ್ಬಳನ್ನೇ ಕಟಕಟೆಗೆ ಹತ್ತಿಸುವುದು ಯಾವ ನ್ಯಾಯ?

ಇನ್ನು ಕ್ಯಾಲ್ಸಿಯಂ ಎಂಬ ಹೆಸರು ಕೇಳಿದೊಡನೆ ಕ್ಯಾಲ್ಸಿಯಂ ಟಾನಿಕ್ಕಿನ ಬಾಟಲಿ ಹಿಡಿದು ಬರುವವರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಎಳೆಗೂಸಿಗೆ ಫಿಟ್ಸ್ ಬರುವುದುಂಟು. ಅದು ಬೇರೆ ರೋಗ, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಬಾಗಿಲೇ ಸೊಟ್ಟಗಾದ ರೋಗಕ್ಕೆ ಟಾನಿಕ್ ಮದ್ದಲ್ಲ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಬರೆ ಎಳೆಯುವುದು ಇವೆಲ್ಲ ನಿಲ್ಲಬೇಕು. ಮಗುವನ್ನು ಮಗ್ಗುಲಿಗೆ ಹೊರಳಿಸಿರಿ, ಬಾಯಿಗೆ ಏನನ್ನೂ ಹಾಕಬೇಡಿರಿ, ಗಡಿಯಾರ ನೋಡಿರಿ. 5 ನಿಮಿಷ ಮೀರಿದರೆ ಆಸ್ಪತ್ರೆಗೆ ಓಡಿರಿ.

ಈಗ ಸರಕಾರಕ್ಕೆ. ಜೀನ್ ಪರೀಕ್ಷೆ ಶ್ರೀಮಂತರ ಷೋಕಿ ಎಂದು ಹೇಳುವ ದೊಡ್ಡ ಮನುಷ್ಯರನ್ನು ನಾವು ಕಂಡಿದ್ದೇವೆ. ವಾಸಿಯಾಗದ ರೋಗದ ಹೆಸರು ತಿಳಿದು ಮಾಡುವುದೇನು ಎಂಬುದು ಅವರ ಪ್ರಶ್ನೆ. ಉತ್ತರ ಇಲ್ಲಿದೆ. ಸಿಎಸಿಎನ್‌ಎ1ಇ ತಪ್ಪಿದ್ದ ಆ 30 ರೋಗಿಗಳಲ್ಲಿ ಐವರಿಗೆ ಟೋಪಿರಾಮೇಟ್ ಎಂಬ ಔಷಧದಿಂದ ಫಿಟ್ಸ್ ನಿಂತಿತ್ತು. ಅದು ಆ ಬಗೆಯ ಕ್ಯಾಲ್ಸಿಯಂ ಬಾಗಿಲನ್ನು ತಡೆಯುವ ಗುಣವುಳ್ಳದ್ದು, ಔಷಧದಂಗಡಿಯಲ್ಲಿ ಸಿಗುವಂಥದ್ದು. ಇದರ ಪಕ್ಕದ ರೋಗವೊಂದಿದೆ, ಡ್ರಾವೆ ಎಂದು ಹೆಸರು. ಅಲ್ಲಿ ಕೆಟ್ಟಿರುವುದು ಸೋಡಿಯಂ ಬಾಗಿಲು. ಅದರ ಜೀನ್ ಪತ್ತೆಯಾದದ್ದು 2001ರಲ್ಲಿ. ಎಲ್ಲ ಕಡೆ ಸುಲಭವಾಗಿ ಸಿಗುವ ಫೆನಿಟಾಯಿನ್, ಕಾರ್ಬಮಜೆಪೀನ್ ಗುಳಿಗೆಗಳು ಆ ಮಕ್ಕಳ ಫಿಟ್ಸನ್ನು ಇಳಿಸುವ ಬದಲು ಏರಿಸಬಲ್ಲವು! ಯಾವ ಬಾಗಿಲು ಕೆಟ್ಟಿದೆ ಎಂದು ತಿಳಿಯದೆ ಕೊಟ್ಟ ಮದ್ದೇ ಮುಳ್ಳಾಗಬಹುದು ಎಂದಾಯಿತು. ಇದನ್ನು ಓದಿ ಯಾರೂ ಮಗುವಿನ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯ. ವೈದ್ಯರನ್ನು ಕೇಳಿರಿ. ಪರೀಕ್ಷೆಯಿಂದ ಎಲ್ಲ ಮಕ್ಕಳಲ್ಲಿ ಕಾರಣ ಸಿಗುತ್ತದೆಂದೂ ಸಿಕ್ಕ ಮೇಲೆ ರೋಗ ಮಾಯವಾಗುತ್ತದೆಂದೂ ನಾವು ಹೇಳುವುದಿಲ್ಲ. ಆದರೆ ಕತ್ತಲಲ್ಲಿ ಮದ್ದು ಬದಲಿಸುತ್ತ ವರ್ಷಗಳನ್ನು ಕಳೆಯುವುದು ತಪ್ಪುತ್ತದೆ, ತಾಯಿಯ ಮೇಲಿನ ಅಪವಾದ ತಪ್ಪುತ್ತದೆ, ಮುಂದಿನ ಕೂಸಿನ ಬಗೆಗೆ ಮನೆಯವರು ತಿಳಿದು ನಿರ್ಧಾರ ಮಾಡಬಹುದು. ಇದು ಷೋಕಿಯೇ?

ಖಾಸಗಿ ಪ್ರಯೋಗಶಾಲೆಯಲ್ಲಿ ಈ ಪರೀಕ್ಷೆಗೆ ಹತ್ತಾರು ಸಾವಿರ ರೂಪಾಯಿ. ಗಿರಣಿಯವನ ತಿಂಗಳ ಪಗಾರವೇ ಅಷ್ಟಿಲ್ಲ. ಆರೋಗ್ಯ ಯೋಜನೆಗಳಿವೆಯಲ್ಲ ಎನ್ನುತ್ತಾರೆ. 1948ರ ಕಾಯಿದೆಯ ಇಎಸ್‌ಐ ನೌಕರರಿಗಾಗಿ ಮಾಡಿದ್ದು. ಗೂಡಂಗಡಿಯವಳು ಯಾರ ನೌಕರಳು? 2018ರಿಂದ ಆಯುಷ್ಮಾನ್ ಕಾರ್ಡು ಬಂದಿದೆ. ಅದು ಆಸ್ಪತ್ರೆಯಲ್ಲಿ ಮಲಗಿದವರ ಚಿಕಿತ್ಸೆಗೆ, ಹೊರರೋಗಿಯಾಗಿ ವರ್ಷಗಟ್ಟಲೆ ನುಂಗುವ ಗುಳಿಗೆಗಲ್ಲ. 2021ರಲ್ಲಿ ಕೇಂದ್ರ ಸರಕಾರ ಅಪರೂಪದ ರೋಗಗಳ ನೀತಿ ಮಾಡಿತು. 2022ರಲ್ಲಿ ಅದರ ನೆರವನ್ನು ಒಬ್ಬ ರೋಗಿಗೆ 50 ಲಕ್ಷ ರೂಪಾಯಿಯವರೆಗೆ ಏರಿಸಿತು. ಕೇಳಲು ಚೆನ್ನಾಗಿದೆ. ಆದರೆ ಆ ನೆರವು ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ, ಪಟ್ಟಿಯಲ್ಲಿರುವ ರೋಗಗಳಿಗೆ ಮಾತ್ರ. ರೋಗದ ಹೆಸರು ಹೇಳಿದವನಿಗೆ ಮಾತ್ರ ಆ ಬಾಗಿಲು ತೆರೆಯುತ್ತದೆ. ಪರೀಕ್ಷೆಯಿಲ್ಲದೆ ಹೆಸರಿಲ್ಲ, ಹಣವಿಲ್ಲದೆ ಪರೀಕ್ಷೆಯಿಲ್ಲ. ಬಡವನಿಗೆ ಇದು ನೆರವೋ, ನೆರವಿನ ಚಿತ್ರಪಟವೋ?

ದಾರಿಯ ಮಾತು ಬೇರೆ ಹೇಳಬೇಕೆ? ಧಾರೇಶ್ವರದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿ. ಬೆಂಗಳೂರಿಗೆ ನಾನೂರಕ್ಕೂ ಮಿಕ್ಕಿ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಅಂಬುಲೆನ್ಸು ಶಿರೂರಿನ ಟೋಲ್ ನಾಕೆಯಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ಅಂದು ಎದ್ದ ಕೂಗನ್ನು ಈ ಭಾಗದ ಜನ ಮರೆತಿಲ್ಲ.

ಅಪರೂಪದ ರೋಗಕ್ಕೆ ಹಣ ಸುರಿಯುವುದು ಹೇಗೆ ಎಂದು ಕೇಳುವವರಿಗೆ ಯಳಂದೂರನ್ನು ತೋರಿಸುತ್ತೇವೆ. ನರರೋಗ ತಜ್ಞ ಡಾ. ಕೆ. ಎಸ್. ಮಣಿಯವರು ಮತ್ತು ಸಂಗಡಿಗರು ಆ ಹಳ್ಳಿಗಾಡಿನಲ್ಲಿ ಮೂರ್ಛೆರೋಗಿಗಳನ್ನು ಹುಡುಕಿ, ಅಗ್ಗದ ಎರಡೇ ಔಷಧಗಳನ್ನು ತಪ್ಪದೆ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಫಿಟ್ಸ್ ಹತೋಟಿಗೆ ಬಂತು; 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆ ಅದನ್ನು ಜಗತ್ತಿಗೆ ಸಾರಿತು. ಹೆಚ್ಚಿನವರಿಗೆ ಅಗ್ಗದ ಮದ್ದೇ ಸಾಕು. ಅದಕ್ಕೆ ಬಗ್ಗದ ಕೆಲವೇ ಮಕ್ಕಳಿಗೆ ಮಾತ್ರ ಜೀನ್ ಪರೀಕ್ಷೆ ಬೇಕು. ಆ ಕೆಲವರ ಖರ್ಚಿಗೆ ಬೊಕ್ಕಸ ಬರಿದಾಗುತ್ತದೆಯೇ?

ಇನ್ನೊಂದು ಮಾತು. 2008ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರ ಮತ್ತು ನಿಮ್ಹಾನ್ಸ್‌ನ ವಿಜ್ಞಾನಿಗಳು ದಕ್ಷಿಣ ಭಾರತದ ಒಂದು ಕುಟುಂಬದವರ ರಕ್ತ ಪರೀಕ್ಷಿಸಿ, ಕ್ಯಾಲ್ಸಿಯಂ ಎಷ್ಟಿದೆ ಎಂದು ಕೋಶಕ್ಕೆ ತಿಳಿಸುವ ಜೀನಿನ ತಪ್ಪಿಗೂ ಮೂರ್ಛೆರೋಗಕ್ಕೂ ಇರುವ ನಂಟನ್ನು ಪ್ರಕಟಿಸಿದರು. ಆ ವಿಜ್ಞಾನಿಗಳನ್ನು ನಾವು ಮೆಚ್ಚುತ್ತೇವೆ. ವಿದ್ಯೆ ನಮ್ಮ ರಾಜ್ಯದಲ್ಲೇ ಇದೆ. ಅದು ಬೆಳೆದದ್ದು ಜನರ ತೆರಿಗೆಯಿಂದ, ಜನರ ರಕ್ತದಿಂದ. ಬಿತ್ತುವಾಗ ಜನ ಬೇಕು, ಉಣ್ಣುವಾಗ ಹಣವಿದ್ದವನು ಮಾತ್ರವೇ?

ಆದುದರಿಂದ ನಮ್ಮ ಬೇಡಿಕೆಗಳು ಇವು. ಕುಮಟಾ ತಾಲೂಕು ಆಸ್ಪತ್ರೆಯಲ್ಲಿ ಗೊತ್ತಾದ ದಿನ ಮಕ್ಕಳ ನರರೋಗ ತಜ್ಞರು ಕೂರಬೇಕು. ಎರಡು ಔಷಧಕ್ಕೂ ಫಿಟ್ಸ್ ನಿಲ್ಲದ ಎಳೆಯ ಮಗುವಿನ ರಕ್ತವನ್ನು ಅಲ್ಲಿಯೇ ತೆಗೆದು, ಸರಕಾರದ ಖರ್ಚಿನಲ್ಲಿ ಪರೀಕ್ಷೆಗೆ ಕಳಿಸಬೇಕು. ರಕ್ತ ಬೆಂಗಳೂರಿಗೆ ಹೋಗಲಿ, ಮಗು ಹೋಗಬೇಕಾಗಿಲ್ಲ. ಔಷಧ ತಪ್ಪದೆ ಸಿಗಬೇಕು. ಫಲಿತಾಂಶವನ್ನು ತಂದೆತಾಯಿಗಳಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವರು ಇರಬೇಕು.

ಗಿರಣಿ ಸಂಗಾತಿಗಳೇ, ಅಂಗಡಿಕಾರ ಬಂಧುಗಳೇ! ನಿಮ್ಮ ಯೂನಿಯನ್ನಿನ ಮುಂದಿನ ಸಭೆಯಲ್ಲಿ, ವರ್ತಕರ ಸಂಘದಲ್ಲಿ ಈ ಠರಾವು ಬರಲಿ. ಮತ ಕೇಳಲು ಬಂದವನನ್ನು ಇದೇ ಪ್ರಶ್ನೆ ಕೇಳಿರಿ. ಕೇರಿಯಲ್ಲಿ ಆ ತಾಯಿಯ ಕಡೆ ಬೆರಳು ತೋರಿಸುವವರ ಬೆರಳನ್ನು ವಿಧಾನಸೌಧದ ಕಡೆ ತಿರುಗಿಸಿರಿ. ಜೀನಿನ ತಪ್ಪು ಯಾರದೂ ಅಲ್ಲ. ಆ ಮಗು ಮದ್ದು ಕಾಣದೆ ನರಳಿದರೆ ಆ ತಪ್ಪಿಗೆ ವಿಳಾಸವಿದೆ.