ಹಳ್ಳ ತೊಳೆದವರಿಗೆ ತಕ್ಕ ಮನ್ನಣೆ

ಊರನ್ನು ಶುಚಿಗೊಳಿಸಿದವರಿಗೂ ಕೆರೆ ಹಳ್ಳಗಳ ಹೂಳೆತ್ತಿದವರಿಗೂ ಸನ್ಮಾನ ಮಾಡುವ ಪದ್ಧತಿಯು ನಮ್ಮ ನಾಡಿನಲ್ಲಿ ಈಗ ಚೆನ್ನಾಗಿ ಬೇರೂರಿರುವದು. ರಾಜ್ಯೋತ್ಸವ ಬಂದಿತೆಂದರೆ ಶಾಲು, ಹಾರ, ಪ್ರಶಸ್ತಿಪತ್ರ. ಗಾಂಧೀಜಯಂತಿ ಬಂದಿತೆಂದರೆ ಹೊಸ ಕಸಬರಿಗೆ ಹಿಡಿದ ಗಣ್ಯರ ಭಾವಚಿತ್ರ. ಇವನ್ನು ನಾವು ಹಳಿಯುವವರಲ್ಲ. ಒಳ್ಳೆಯದನ್ನು ಮಾಡಿದವರನ್ನು ಹತ್ತು ಜನರೆದುರು ಕರೆದು ಒಳ್ಳೆಯವರೆನ್ನುವದು ಸಮಾಜದ ಧರ್ಮವೇ ಸರಿ. ಆದರೆ ಮನ್ನಣೆಯು ಅಷ್ಟಕ್ಕೇ ಮುಗಿದರೆ, ಅದರಿಂದ ಅವರು ಮಾಡಿದ ಕೆಲಸಕ್ಕೆ ಬಂದ ಬಲವೇನು ಎಂದು ಕೇಳುವದು ನಮ್ಮ ಕರ್ತವ್ಯವಾಗಿದೆ.

ಈ ವಿಷಯದಲ್ಲಿ ಕೊಪ್ಪಳ ಸೀಮೆಯು ಉಳಿದ ಸೀಮೆಗಳಿಗೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದೆಯೆಂಬದನ್ನು ವಾಚಕರು ಬಲ್ಲರು. 2019ರ ಬೇಸಿಗೆಯಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತಾವೇ ಹಿರೇಹಳ್ಳದ ಪಾತ್ರಕ್ಕೆ ಇಳಿದು ನಿಂತಾಗ, ರೈತರು, ವರ್ತಕರು, ವಿದ್ಯಾರ್ಥಿಗಳು, ಅಧಿಕಾರಿಗಳು ಅವರ ಬೆನ್ನ ಹಿಂದೆ ಬಂದರು. ಜನರ ದೇಣಿಗೆಯಿಂದಲೂ ಶ್ರಮದಾನದಿಂದಲೂ 20 ಕಿಲೋಮೀಟರಿಗೆ ಮಿಕ್ಕಿದ ಪಾತ್ರವು ಜಾಲಿಕಂಟಿ, ಹೂಳು, ಕಸಗಳಿಂದ ಬಿಡುಗಡೆ ಹೊಂದಿತು. ಕುಷ್ಟಗಿ ತಾಲೂಕಿನ ನಿಡಶೇಸಿ ಕೆರೆಗೂ ಮಠವೂ ಊರವರೂ ಕೂಡಿ ಹೆಗಲು ಕೊಟ್ಟರು. ಯಲಬುರ್ಗಾ ತಾಲೂಕಿನ ತಲ್ಲೂರಿನ ಕೆರೆಯ ಹೂಳನ್ನು ನಟ ಯಶ್ ಅವರ ಯಶೋಮಾರ್ಗ ಸಂಸ್ಥೆಯು 2017ರಲ್ಲಿ ತೆಗೆಯಿಸಲು ತೊಡಗಿತು. ಸರಕಾರದ ಆಜ್ಞೆಗಾಗಿ ಕಾಯದೆ, ಕರ ಕೊಡುವ ಜನರೇ ಕರಸೇವೆಗೂ ನಿಂತದ್ದು ಈ ಕೆಲಸಗಳ ವಿಶೇಷವು.

ಗಂಗಾವತಿ ತಾಲೂಕಿನ ದಾಣಾಪುರದ ಸಂಗತಿಯು ಇನ್ನೂ ಬೋಧಪ್ರದವಾದದ್ದು. ಮನೆಯಲ್ಲಿ ಶೌಚಾಲಯವಾಗುವ ವರೆಗೆ ಅನ್ನ ಮುಟ್ಟೆನೆಂದು ಅಲ್ಲಿಯ ಬಾಲಕಿಯೊಬ್ಬಳು ಹಟ ಹಿಡಿದಳು. 2016ರ ಆಗಸ್ಟ್ ತಿಂಗಳಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ತಮ್ಮ ಭಾಷಣದಲ್ಲಿ ಅವಳನ್ನು ಕೊಂಡಾಡಿದ್ದರಿಂದ ದೇಶವೆಲ್ಲ ಅವಳ ಹೆಸರನ್ನು ಕೇಳಿತು. ಆದರೆ ಅವಳಿಗೆ ಮೊದಲಿನ ಮನ್ನಣೆ ಕೊಟ್ಟವರು ಊರಿನ ಪಂಚಾಯತಿಯ ಅಧ್ಯಕ್ಷರು. ಅವರು ಶಾಲು ಹೊದಿಸಲಿಲ್ಲ. ಹಣ ಹೊಂದಿಸಿ ಒಂದು ವಾರದೊಳಗೆ ಶೌಚಾಲಯವನ್ನು ಕಟ್ಟಿಸಿದರು. ಇದಲ್ಲವೇ ನಿಜವಾದ ಮನ್ನಣೆ?

ಇದು ನಮ್ಮ ನಾಡಿಗೆ ಹೊಸ ಮಾತೇನೂ ಅಲ್ಲ. ಕೆರೆಯನ್ನು ಕಟ್ಟಿಸಿದವರಿಗೂ ಕಾಯುವವರಿಗೂ ಹಿಂದಿನ ಅರಸರು ಬರಿಯ ಬಿರುದುಗಳನ್ನು ಕೊಟ್ಟು ಕಳುಹಲಿಲ್ಲ. ಕೆರೆಯ ಕೆಳಗಿನ ಭೂಮಿಯನ್ನು ಕಟ್ಟುಕೊಡಗೆಯಾಗಿ ಬಿಟ್ಟರು. ಏರಿಯ ದುರಸ್ತಿಗೂ ಹೂಳು ಸಾಗಿಸುವ ಬಂಡಿಯ ವೆಚ್ಚಕ್ಕೂ ಬಿತ್ತುವಟ್ಟವನ್ನು ಸಲ್ಲಿಸಿದರು. ಅದನ್ನು ಕಲ್ಲಿನ ಮೇಲೆ ಕೊರೆಯಿಸಿ, ತಪ್ಪಿದವರಿಗೆ ಶಾಪವನ್ನೂ ಬರೆಯಿಸಿದರು. ಕನ್ನಡ ನಾಡಿನ ಶಾಸನಗಳಲ್ಲಿ ಇಂತಹ ಉದಾಹರಣೆಗಳು ಹೇರಳವಾಗಿವೆ. ಮಾಡಿದವನಿಗೆ ಗೌರವ, ಮಾಡಿದ ಕೆಲಸಕ್ಕೆ ನಿತ್ಯದ ಆಧಾರ, ಇವೆರಡನ್ನೂ ನಮ್ಮ ಹಿರಿಯರು ಒಂದೇ ಶಾಸನದಲ್ಲಿ ಹೆಣೆದಿದ್ದರು. ನಾವು ಮೊದಲಿನದನ್ನು ಉಳಿಸಿಕೊಂಡು ಎರಡನೆಯದನ್ನು ಮರೆತಿದ್ದೇವೆ.

ಮರೆತದ್ದರ ಫಲವೂ ಕಣ್ಣೆದುರಿಗಿದೆ. 2003ರಲ್ಲಿ ಕೇಂದ್ರ ಸರಕಾರವು ನಿರ್ಮಲ ಗ್ರಾಮ ಪುರಸ್ಕಾರವನ್ನು ಆರಂಭಿಸಿತು. ಬಯಲುಶೌಚವನ್ನು ಬಿಟ್ಟ ಊರುಗಳಿಗೆ ಹಣವೂ ಕೀರ್ತಿಯೂ ಬಂದವು. ಆದರೆ ಬಹುಮಾನ ಪಡೆದ ಎಷ್ಟೋ ಊರುಗಳು ಕೆಲವೇ ವರ್ಷಗಳಲ್ಲಿ ಹಳೆಯ ದಾರಿಯನ್ನೇ ಹಿಡಿದವು. ಬಹುಮಾನಕ್ಕೆ ಒಂದು ದಿನ ಸಾಕು. ಶುಚಿತ್ವಕ್ಕೆ ದಿನವೂ ಬೇಕು. ಇದಕ್ಕೆ ಪ್ರತಿಯಾಗಿ ಮಳವಳ್ಳಿ ತಾಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರನ್ನು ನೋಡಿರಿ. 2022ರಲ್ಲಿ ತೀರಿಕೊಂಡ ಆ ಹಿರಿಯರು, ತಮಗೆ ಬಂದ ಪ್ರಶಸ್ತಿಯ ಹಣವನ್ನು ಕುಂದೂರು ಬೆಟ್ಟದ ಮೇಲಿನ ಕಟ್ಟೆಗಳಿಗೇ ಸುರಿದರು. ಮನ್ನಣೆಯನ್ನು ಕೆಲಸಕ್ಕೆ ಮರಳಿಸಬೇಕೆಂಬ ತಿಳಿವು ಆ ಕುರಿಗಾಹಿಗೆ ಇತ್ತು. ನಮ್ಮ ಸಂಸ್ಥೆಗಳಿಗೆ ಇರಬೇಡವೇ?

ಸೇವೆ ಮಾಡುವವರಿಗೆ ಫಲಾಪೇಕ್ಷೆ ಏತಕ್ಕೆಂದು ಕೆಲವರು ಕೇಳುವರು. ಸೇವಕರು ಕೇಳದಿರುವದು ಅವರ ದೊಡ್ಡತನ; ನಾವು ಕೊಡದಿರುವದು ನಮ್ಮ ಸಣ್ಣತನ. ಜನರೇ ದುಡಿದರೆ ನಗರಸಭೆಯು ಕೈಕಟ್ಟಿ ಕೂಡ್ರುವದೆಂದು ಬೇರೆ ಕೆಲವರು ಹೇಳುವರು. ಈ ಮಾತಿನಲ್ಲಿ ಹುರುಳಿದೆ. ಜನರು ಮೇಲಿನಿಂದ ಹಳ್ಳವನ್ನು ತೊಳೆಯುತ್ತಿರಲು ಊರಿನ ರೊಚ್ಚು ಕೆಳಗಿನಿಂದ ಅದೇ ಹಳ್ಳಕ್ಕೆ ಬಂದು ಬೀಳುವದಾದರೆ, ಆ ಶ್ರಮವು ಒರಳಲ್ಲಿ ನೀರು ಕುಟ್ಟಿದಂತೆ ಆಗುವದು. ಗಂಗಾವತಿಯ ದುರ್ಗಮ್ಮನ ಹಳ್ಳವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಇವು. ಕೊಪ್ಪಳ, ಗಂಗಾವತಿಗಳ ನಗರಸಭೆಗಳೂ, ಕುಷ್ಟಗಿಯ ಪುರಸಭೆಯೂ, ಯಲಬುರ್ಗಾದ ಪಟ್ಟಣ ಪಂಚಾಯತಿಯೂ, ಗ್ರಾಮ ಪಂಚಾಯತಿಗಳೂ, ಜನರು ಶುದ್ಧಮಾಡಿದ ಪ್ರತಿಯೊಂದು ಹಳ್ಳ ಕೆರೆಗೆ ತಮ್ಮ ಆಯವ್ಯಯ ಪತ್ರದಲ್ಲಿ ವರುಷ ವರುಷವೂ ಒಂದು ಮೊತ್ತವನ್ನು ತೆಗೆದಿಡಲಿ. ಅದೇ ಈ ಕಾಲದ ಬಿತ್ತುವಟ್ಟವು. ಅದರ ಲೆಕ್ಕವನ್ನು ನೋಡುವ ಅಧಿಕಾರವು ದುಡಿದ ಜನರ ಸಮಿತಿಗೆ ಇರಲಿ. ಚರಂಡಿಯ ನೀರು ಶುದ್ಧಿಯಾಗದೆ ಹಳ್ಳಕ್ಕೆ ಇಳಿಯದಿರಲಿ. ಹಸಿಕಸ ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ವಿದ್ಯಾವಂತ ಪೌರರು ಇದನ್ನು ಪಾಲಿಸದೆ ವೇದಿಕೆಯ ಮೇಲೆ ಹಾರ ಹಾಕಲು ಹೋಗುವದು ನಗೆಗೇಡು. ಪ್ರಶಸ್ತಿಯನ್ನು ಕೆಲಸ ಮುಗಿದ ವರುಷವೇ ಕೊಡದೆ, ಮೂರು ಮಳೆಗಾಲ ಕಳೆದ ಮೇಲೆ ಸ್ಥಳವನ್ನು ನೋಡಿ ಕೊಡಲಿ. ಸನ್ಮಾನಿತರ ಪಟ್ಟಿಯಲ್ಲಿ, ಉತ್ಸವದ ಮರುದಿನವೂ ನಸುಕಿನಲ್ಲಿ ಎದ್ದು ಬೀದಿಯನ್ನು ಗುಡಿಸುವ ಪೌರಕಾರ್ಮಿಕರ ಹೆಸರು ಮೊದಲಿರಲಿ. ಅವರಿಗೆ ಕೈಗವಸೂ ಹೊತ್ತಿಗೆ ಸರಿಯಾದ ವೇತನವೂ ಶಾಲಿಗಿಂತ ಮುಂಚೆ ಸಲ್ಲಲಿ.

ಕೊನೆಯದಾಗಿ ಅಧಿಕಾರಿಗಳಿಗೆ ಒಂದು ಮಾತು. ಹಳ್ಳವನ್ನು ತೊಳೆದ ಜನಕ್ಕೆ ತಮ್ಮ ಗಾಳಿ ನೀರುಗಳ ವಿಷಯದಲ್ಲಿ ಮಾತನಾಡುವ ಹಕ್ಕೂ ಬಂದಿರುವದು. ಉಕ್ಕಿನ ಕಾರಖಾನೆಯ ವಿಸ್ತರಣವನ್ನು ವಿರೋಧಿಸಿ 2025ರ ಫೆಬ್ರವರಿ 24ರಂದು ಕೊಪ್ಪಳವು ಬಂದ್ ಆಚರಿಸಿದಾಗ ಬೀದಿಗಿಳಿದ ಸಾವಿರಾರು ಜನರು ಹೊರಗಿನವರಲ್ಲ, ಇದೇ ಊರುಕೇರಿಗಳ ಜನರು. ಸಲಿಕೆ ಹಿಡಿದಾಗ ಇವರನ್ನು ಹೊಗಳಿ, ಬಾಯಿ ತೆರೆದಾಗ ಅಭಿವೃದ್ಧಿಯ ವಿರೋಧಿಗಳೆಂದು ಜರಿಯುವದು ನ್ಯಾಯವಲ್ಲ. ಗವಿಮಠದ ಬೆಟ್ಟದ ಬಂಡೆಯ ಮೇಲೆ ಎರಡು ಸಾವಿರ ವರುಷಗಳಿಗೂ ಹಿಂದೆ ಅಶೋಕ ಚಕ್ರವರ್ತಿಯು ಬರೆಯಿಸಿದ ಶಾಸನದ ತಾತ್ಪರ್ಯವು, ಶ್ರೇಯಸ್ಸು ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ಸಾಧ್ಯವೆಂಬದು. ಚಿಕ್ಕವರು ತಮ್ಮ ಪಾಲಿನ ಪ್ರಯತ್ನವನ್ನು ಮಾಡಿ ತೋರಿಸಿದ್ದಾರೆ. ದೊಡ್ಡವರು ತಮ್ಮ ಪಾಲನ್ನು ಬರುವ ಆಯವ್ಯಯ ಪತ್ರದಲ್ಲಿ ತೋರಿಸುವರೆಂದು ನಾವು ಆಶಿಸುತ್ತೇವೆ.