ಕುಕ್ಕರಿನ ರಬ್ಬರ್ ಹೋದ್ರ ಕುಕ್ಕರ್ ಒಗೀತೀವೇನು?

ಕುಕ್ಕರಿನ ರಬ್ಬರ್ ಸಡಿಲಾದ್ರ ಸೀಟಿ ಹೊಡಿಯಂಗಿಲ್ಲ. ಹಂಗಂತ ಕುಕ್ಕರ್ ಒಗದು ಬಿಡ್ತೀವೇನ್ರಿ? ಹೊಸ ರಬ್ಬರ್ ತಂದು ಹಾಕ್ತೀವಿ, ಮತ್ತ ಅದರಾಗನ ಬ್ಯಾಳಿ ಕುದಸ್ತೀವಿ. ಹಳೇ ಸೀರಿ ಸುದ್ದಾ ಒಗಿಯದ ಕೌದಿ ಹೊಲಿಯೋ ಮಂದಿ ನಾವು. ಆದ್ರ ಫೋನಿನ ಚಾರ್ಜ್ ಮಧ್ಯಾಹ್ನದ ಊಟದ ತನಕ ನಿಲ್ಲಲಿಲ್ಲ ಅಂದ್ರ ಸಾಕು, "ಇದರ ಕಥಿ ಮುಗೀತು, ಹೊಸಾದು ತೊಗೊಳ್ಳೋಣ" ಅಂತೀವಿ. ಯಾಕ?

ಮುಗದದ್ದು ಫೋನ್ ಅಲ್ಲ, ಒಳಗಿನ ಬ್ಯಾಟರಿ. ಈ ಲಿಥಿಯಂ-ಅಯಾನ್ ಬ್ಯಾಟರಿ 1991ರಾಗ ಮಾರುಕಟ್ಟೆಗೆ ಬಂತು. ಅಂದಿನಿಂದ ಅದರ ಸ್ವಭಾವ ಒಂದ: ತುಂಬಿಸಿ ಖಾಲಿ ಮಾಡಿದಷ್ಟೂ ಸವೀತದ. ಸಾಮಾನ್ಯವಾಗಿ 500 ಸಲ ಪೂರಾ ಚಾರ್ಜ್ ಆಗೂದ್ರಾಗ ಶಕ್ತಿ ಮೊದಲಿನ 80 ಪರ್ಸೆಂಟಿನ ಆಸುಪಾಸಿಗೆ ಇಳೀತದ. ಈಗಿನ ಕೆಲವು ಇನ್ನೂ ಹೆಚ್ಚು ಬಾಳತಾವ. ಬಿಸಿ ತಾಗಿದ್ರ ಲಗೂ ಸವೀತಾವ, ಒಲಿ ಪಕ್ಕದ ಕಟ್ಟಿ ಮ್ಯಾಲ ಚಾರ್ಜಿಗೆ ಹಚ್ಚಿಡೋರು ನೆನಪಿಡ್ರಿ. "ಫೋನ್ ನಿಧಾನ ಆಗೇದ" ಅನ್ನೋದಕ್ಕೂ ಒಮ್ಮೊಮ್ಮೆ ಬ್ಯಾಟರಿನ ಕಾರಣ. ಬ್ಯಾಟರಿ ಹಳೇದಾದ ಐಫೋನಿನ ವೇಗ ತಾನ ಕಡಿಮಿ ಮಾಡ್ತಿದ್ದೆ ಅಂತ ಆ್ಯಪಲ್ ಕಂಪನಿ 2017ರಾಗ ಒಪ್ಪಿಕೊಂಡು, ಬ್ಯಾಟರಿ ಬದಲಿಸೋ ದರಾ 79 ಡಾಲರಿನಿಂದ 29ಕ್ಕ ಇಳಿಸಿತ್ತು.

ರೊಕ್ಕದ ಮಾತು ಒಂದು ಕಡೆ ಇರ್ಲಿ. ನನ್ನ ಕಾಡೋದು ಬ್ಯಾರೇನ. ನಮ್ಮ ಅತ್ತಿಯವರು ಬಟನ್ ಫೋನ್ ಕಲೀಲಿಕ್ಕೆ ಆರು ತಿಂಗಳು ತೊಗೊಂಡ್ರು. ಈಗ ಕಣ್ಣು ಮಂಜು. ಆದ್ರೂ 2 ಒತ್ತಿ ಹಿಡದ್ರ ದೊಡ್ಡ ಮಗಳು, 3 ಒತ್ತಿದ್ರ ಸಣ್ಣಾಕಿ ಅಂತ ಬೆರಳಿಗೆ ಗೊತ್ತು. ಬ್ಯಾಟರಿ ಕೈಕೊಟ್ಟಾಗ ಮನ್ಯಾಗ ಎಲ್ಲಾರೂ "ಟಚ್ ಫೋನ್ ಕೊಡಸೋಣ" ಅಂದ್ರು. ಪ್ರೀತಿಯಿಂದನ ಅಂದ್ರು. ಆದ್ರ ಅದನ್ನ ಕೊಟ್ಟು ಅವರ ಬೆರಳಿನಾಗಿನ ವಿದ್ಯಾ ಕಸಗೊಂಡಂಗ ಆಗ್ತಿತ್ತು. ಪ್ರತಿ ಸಲಕ್ಕೂ "ಅಕ್ಕಗ ಹಚ್ಚಿ ಕೊಡಪಾ" ಅಂತ ಮೊಮ್ಮಗನ ದಾರಿ ಕಾಯಬೇಕು. ಅದಕ್ಕ ಹಿಂದಿನ ಮುಚ್ಚಳಾ ಉಗುರಿನಿಂದ ತಗದು, ಹಳೇ ಬ್ಯಾಟರಿ ಅಂಗಡಿಯವರಿಗೆ ತೋರಿಸಿ, ಅದ ನಂಬರಿಂದು ತಂದು ಹಾಕಿದ್ವಿ. ಈಗ ಬೇಕಾದಾಗ, ಯಾರನ್ನೂ ಕರೀದ, ಮಗಳ ಜೋಡಿ ಮಾತಾಡ್ತಾರ. ಅದರಾಗ ಸೊಸಿ ಮ್ಯಾಲಿನ ದೂರೂ ಇರ್ತದ ಅನ್ರಿ, ಇರ್ಲಿ!

"ಡೂಪ್ಲಿಕೇಟ್ ಬ್ಯಾಟರಿ ಉಬ್ತಾವ, ಬೆಂಕಿ ಹತ್ತತಾವ" ಅಂತ ನಮ್ಮ ವೈನಿ ಹೇಳೋದು ಖರೇ. ಅಗ್ಗಾ ಅಂತ ಹೆಸರಿಲ್ಲದ್ದು ತರಬ್ಯಾಡ್ರಿ, ಬಿಲ್ ಕೊಡೋ ಕಡೆ ಹಾಕಿಸ್ರಿ. ಅಂಟು ಹಚ್ಚಿ ಮುಚ್ಚಿದ ಫೋನ್ ಮನ್ಯಾಗ ಬಿಚ್ಚಬ್ಯಾಡ್ರಿ. ಉಬ್ಬಿದ ಬ್ಯಾಟರಿ ಒತ್ತಬ್ಯಾಡ್ರಿ, ಚುಚ್ಚಬ್ಯಾಡ್ರಿ, ಮತ್ತ ಚಾರ್ಜಿಗೆ ಹಚ್ಚಬ್ಯಾಡ್ರಿ. ಇನ್ನ ಕಂಪನಿ ಸುರಕ್ಷತಾ ಅಪ್ಡೇಟ್ ನಿಲ್ಲಿಸಿದ ಹಳೇ ಸ್ಮಾರ್ಟ್‌ಫೋನಿನಾಗ ಬ್ಯಾಂಕಿನ ವ್ಯವಹಾರ ಬ್ಯಾಡ; ಅದು ಮಾತಿಗೆ, ಭಜನಿ ಕೇಳಲಿಕ್ಕೆ ಸಾಕು.

ಆದ್ರ ಬ್ಯಾಟರಿ ಬಿಚ್ಚೂಹಂಗ ಯಾಕ ಮಾಡೂದಿಲ್ಲ ಅಂತ ನಾವೂ ಕೇಳಬೇಕು. ಯುರೋಪಿನ ಒಕ್ಕೂಟದವರು 2023ರಾಗ ಕಾನೂನು ಮಾಡ್ಯಾರ: 2027ರ ಫೆಬ್ರುವರಿ 18ರಿಂದ, ಕೆಲವು ವಿನಾಯಿತಿ ಬಿಟ್ಟು, ಸಣ್ಣ ಸಾಧನದ ಬ್ಯಾಟರಿ ಕೊಂಡವರ ತಗದು ಬದಲಿಸೋ ಹಂಗ ಇರಬೇಕು. ನಮ್ಮ ದೇಶದ 2022ರ ನಿಯಮ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕಿ ಮಾಡಸೋ ಹೊಣಿ ತಯಾರಕರ ಮ್ಯಾಲ ಹಾಕ್ಯದ. ಅದಕ್ಕ ತಗದ ಬ್ಯಾಟರಿ ಕಸದ ಗಾಡಿಗೆ ಹಾಕಬ್ಯಾಡ್ರಿ, ಬ್ಯಾಟರಿ ಅಥವಾ ಇ-ತ್ಯಾಜ್ಯ ತೊಗೊಳ್ಳೋರಿಗೆ ಕೊಡ್ರಿ.

ಅಕ್ಕತಂಗ್ಯಾರ, ಮುಂದಿನ ಸಲ ಯಾರರ "ಹೊಸಾದು ತೊಗೊಳ್ರಿ" ಅಂದ್ರ ಎರಡ ಪ್ರಶ್ನೆ ಕೇಳ್ರಿ. ಕೆಟ್ಟದ್ದು ಫೋನೋ, ಬ್ಯಾಟರಿನೋ? ಬರೇ ಬ್ಯಾಟರಿಗೆ ಎಷ್ಟು? ಉತ್ತರ ಕೇಳಿ, ಆಮ್ಯಾಲ ಪರ್ಸ್ ತಗೀರಿ.